ಹತ್ತು ಗಂಟೆಗೆ ಇಳಿಯದ ಕಡಲು

ಕಾಲೇಜು ಶಿಕ್ಷಣ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

‘ಪೋಷಕರ ಭಾವನೆಗಳನ್ನು ಗೌರವಿಸಿ’ ಕಡಲ ವಿಜ್ಞಾನದ ವಿದ್ಯಾರ್ಥಿಗಳು ಇನ್ನು ಮುಂದೆ ದಡಕ್ಕೆ ಇಳಿಯಕೂಡದು, ಕ್ಷೇತ್ರಕಾರ್ಯದ ಬದಲು ತರಗತಿಯಲ್ಲೇ ವಿಡಿಯೋ ತೋರಿಸತಕ್ಕದ್ದು ಎಂದು ತಾವು ಆದೇಶ ಹೊರಡಿಸಿದ್ದೀರಿ. ಆ ಪೋಷಕ ನಾನೇ, ಸತ್ತ ಹುಡುಗಿಯ ಅಪ್ಪ. ನನ್ನ ಭಾವನೆ ಏನೆಂದು ತಮ್ಮ ಕಚೇರಿಯಿಂದ ಒಬ್ಬರೂ ಕೇಳಿದ್ದಿಲ್ಲ. ಕೇಳದೆಯೇ ಗೌರವಿಸಿದ್ದೀರಿ, ದೊಡ್ಡ ಮನಸ್ಸು. ಈಗ ತಾವು ಕೇಳದಿದ್ದರೂ ಹೇಳುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನು ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕ. ವೇಳಾಪಟ್ಟಿಯೇ ನನಗೆ ಅನ್ನ ಹಾಕಿದೆ. ಇಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಬಸ್ಸೇ ವೇಳಾಪಟ್ಟಿಯ ಮಾತು ಕೇಳುವುದಿಲ್ಲ. ಕಡಲು ಕೇಳುತ್ತದೆ ಎಂದು ನಂಬಿದವರು ತಾವೊಬ್ಬರೇ. ನನ್ನ ಮಗಳು ಓದುತ್ತಿದ್ದ ಪುಟ್ಟ ಕಾಲೇಜಿನಲ್ಲಿ ಅರ್ಧ ಪಾಠ ನಡೆಯುತ್ತಿದ್ದದ್ದೇ ದಡದಲ್ಲಿ. ನೀರು ಇಳಿದಾಗ ಬಯಲಾಗುವ ಕೆಸರಿನ ಮೇಲೆ ಪೈಪಿನ ಚೌಕಟ್ಟು ಇಟ್ಟು, ಅದರೊಳಗೆ ಸಿಕ್ಕ ಹುಳು, ಏಡಿಮರಿ, ಕಪ್ಪೆಚಿಪ್ಪುಗಳನ್ನೆಲ್ಲ ಎಣಿಸಬೇಕು. ಕೆಸರು ಪೂರ್ತಿ ಬಯಲಾಗುವ ದೊಡ್ಡ ಇಳಿತ ಬರುವುದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ. ನಮ್ಮ ದಡದಲ್ಲಿ ಅದು ನಸುಕಿಗೆ. ಅಲ್ಲಿ ಪಾಠ ಹೇಳುವ ಮೇಡಂ ಆ ಹೊತ್ತಿಗೇ ಮಕ್ಕಳನ್ನು ಕರೆದೊಯ್ಯುತ್ತಿದ್ದರು.

ಆಮೇಲೆ ಬಂತು ತಮ್ಮ ಸುತ್ತೋಲೆ. ಎಲ್ಲರೂ ಹತ್ತು ಗಂಟೆಗೆ ಕಾಲೇಜಿನ ಹಾಜರಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು, ಅದಾದ ಮೇಲಷ್ಟೇ ಹೊರಗೆ ಹೋಗಬೇಕು. ದೊಡ್ಡ ಇಳಿತ ಹತ್ತು ಗಂಟೆಯವರೆಗೆ ಕಾಯುವುದಿಲ್ಲ ಎಂದು ಮೇಡಂ ಬಿಡಿಸಿ ಬಿಡಿಸಿ ಬರೆದರು. ತಮ್ಮ ಕಚೇರಿ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ: ‘ಇಳಿತದ ವೇಳೆಯನ್ನು ಕಚೇರಿ ವೇಳೆಗೆ ಹೊಂದಿಸಿಕೊಳ್ಳತಕ್ಕದ್ದು.’ ಯಾರು ಹೊಂದಿಸಬೇಕಿತ್ತು ಸ್ವಾಮಿ? ಮೇಡಮ್ಮೋ, ಚಂದ್ರನೋ? ಚಂದ್ರನಿಗೂ ಒಂದು ನೋಟಿಸು ಹೋಗಿತ್ತೇ?

ಈ ಉತ್ತರ ಕೇಳಿ ನನ್ನ ಮಗಳು ಬಿದ್ದು ಬಿದ್ದು ನಕ್ಕಿದ್ದಳು. ಬಚ್ಚಲಲ್ಲಿ ಕೆಸರಿನ ಬೂಟು ತೊಳೆಯುತ್ತ, “ಅಪ್ಪಾ, ನಿಮ್ಮ ನಿಲ್ದಾಣದಲ್ಲಿ ಮೈಕ್ ಇದ್ಯಲ್ಲ, ಅದರಲ್ಲಿ ಕೂಗಿಬಿಡಿ. ಕಡಲಿನ ಗಮನಕ್ಕೆ, ಹೆಬ್ಬೆಟ್ಟು ಒತ್ತೋ ತನಕ ಕಾಯಬೇಕು ಅಂತ” ಎಂದಳು.

“ಮೊದಲು ಆ ಬೂಟು ಹೊರಗೆ ಹಾಕು, ಗಬ್ಬು ನಾರ್ತಿದೆ. ಆಮೇಲೆ ಕಡಲಿಗೆ ಬುದ್ಧಿ ಹೇಳುವಿಯಂತೆ” ಎಂದು ಅವಳಮ್ಮ ಅಡುಗೆಮನೆಯಿಂದಲೇ ಬೈದಳು. ನಾನೂ ನಕ್ಕೆ.

ಪರೀಕ್ಷೆ ಹತ್ತಿರ ಬಂತು. ಕ್ಷೇತ್ರಕಾರ್ಯವಿಲ್ಲದೆ ಅಂಕವಿಲ್ಲ, ಹೆಬ್ಬೆಟ್ಟಿಲ್ಲದೆ ಹಾಜರಿಯಿಲ್ಲ. ಹುಣ್ಣಿಮೆ ಕಳೆದ ಕೆಲವು ದಿನಕ್ಕೆ, ಸಣ್ಣ ಇಳಿತವೊಂದು ಹತ್ತರ ಆಸುಪಾಸಿಗೆ ಬರುವ ದಿನ ನೋಡಿ, ಮೇಡಂ, ಮಕ್ಕಳು ಎಲ್ಲರೂ ಒತ್ತಿಯೇ ಹೊರಟರು. ದಡ ಮುಟ್ಟುವಾಗ ನೀರು ಆಗಲೇ ತಿರುಗಿತ್ತು. ಮಕ್ಕಳು ಬಗ್ಗಿ ಎಣಿಸುತ್ತಿದ್ದಾಗ ಅವರ ಬೆನ್ನ ಹಿಂದಿನ ತಗ್ಗು ತುಂಬಿ ಕಾಲುವೆಯಾಯಿತು. ಒಬ್ಬ ಗೆಳತಿಯ ಕಾಲು ಕೆಸರಿನಲ್ಲಿ ಹೂತುಕೊಂಡಿತು. ನನ್ನ ಮಗಳು ಹಿಂದಕ್ಕೆ ಹೋಗಿ ಅವಳನ್ನು ಎಳೆದು ಬಿಡಿಸಿದಳು. ಗೆಳತಿ ದಾಟಿದಳು, ಇವಳು ದಾಟಲಿಲ್ಲ.

ತಮ್ಮ ವರದಿ ಇದನ್ನು ‘ವಿದ್ಯಾರ್ಥಿನಿಯ ಅಜಾಗರೂಕತೆ’ ಎಂದು ಕರೆದಿದೆ. ಮೇಡಂ ಅಮಾನತಾಗಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವರು ನಮ್ಮ ಮನೆಗೆ ಬಂದರು. “ಅಂಕ ಹೋದ್ರೆ ಹೋಗ್ಲಿ, ಇವತ್ತು ಬೇಡ ಅನ್ನಬೇಕಿತ್ತು ನಾನು” ಎಂದು ಬಾಗಿಲಲ್ಲೇ ಕುಸಿದು ಕೂತರು. ನನ್ನ ಹೆಂಡತಿ ಕುಡಿಯಲು ನೀರು ತಂದುಕೊಟ್ಟಳು. ಸುತ್ತೋಲೆಗೆ ಸಹಿ ಹಾಕಿದವರು ಯಾರ ಮನೆ ಬಾಗಿಲಿಗೆ ಹೋದರು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತಪ್ಪಿದ್ದು ತಾವಿಟ್ಟ ಗಂಟೆ, ನಿಲ್ಲಿಸಿದ್ದು ಮಕ್ಕಳ ಪಾಠ.

ನಿಲ್ಲಿಸಿದ್ದೇನೆ ಎಂದು ತಾವು ಅಂದುಕೊಂಡಿದ್ದೀರಿ. ಮಕ್ಕಳು ನಸುಕಿನ ಇಳಿತಕ್ಕೆ ತಾವಾಗಿಯೇ ಹೋಗುತ್ತಿದ್ದಾರೆ. ಹಗ್ಗ, ದೋಣಿ ಆಗಲೂ ಇರಲಿಲ್ಲ, ಈಗ ಜೊತೆಗೆ ಮೇಡಂ ಕೂಡ ಇಲ್ಲ. ಎಲ್ಲರಿಗಿಂತ ಮುಂದೆ ನಡೆಯುವವಳು ನನ್ನ ಮಗಳು ಬಿಡಿಸಿದ ಆ ಗೆಳತಿಯೇ. ಬೇಡಮ್ಮ ಎಂದೆ. “ಅವಳು ಎಣಿಸ್ತಿದ್ದ ಜಾಗ ಅರ್ಧಕ್ಕೇ ನಿಂತಿದೆ ಅಂಕಲ್. ಯಾರಾದ್ರೂ ಮುಗಿಸಬೇಕಲ್ವಾ?” ಎಂದಳು. ಇದಕ್ಕೆ ಉತ್ತರ ತಮ್ಮ ವಿಡಿಯೋದಲ್ಲಿ ಇದೆಯೇ?

ಆದ್ದರಿಂದ ಆದೇಶವನ್ನು ಹಿಂತೆಗೆದುಕೊಳ್ಳಿ. ಕ್ಷೇತ್ರಕಾರ್ಯ ನೀರಿನ ವೇಳೆಗೆ ನಡೆಯಲಿ. ಹಗ್ಗ, ದೋಣಿ, ಈಜು ಬಲ್ಲವರು ಜೊತೆಗಿರಲಿ. ಇನ್ನೊಂದು ಮಗು ಮುಳುಗುವ ಮೊದಲು ಇದಾಗಬೇಕು. ವರದಿಯಿಂದ ‘ಅಜಾಗರೂಕತೆ’ ಎಂಬ ಪದವನ್ನೂ ಅಳಿಸಿ. ನನ್ನ ಮಗಳು ತಮ್ಮ ಅರ್ಥದಲ್ಲಿ ಜಾಗರೂಕಳಾಗಿದ್ದಿದ್ದರೆ ಈ ಪತ್ರವನ್ನು ಬೇರೊಬ್ಬ ಅಪ್ಪ ಬರೆಯಬೇಕಾಗುತ್ತಿತ್ತು, ಅಷ್ಟೇ.

ಅಲ್ಲಿಯತನಕ ಮಕ್ಕಳು ಹೋದಾಗಲೆಲ್ಲ ನಾನೂ ಹೋಗಿ ದಡದಲ್ಲಿ ನಿಲ್ಲುತ್ತೇನೆ. ನನಗೆ ಈಜು ಬಾರದು. ನೀರು ತಿರುಗಿದ್ದು ಕಂಡರೆ ಬಸ್ ಹೊರಡಿಸುವ ಸೀಟಿ ಊದಬಲ್ಲೆ. ಊದಿದೊಡನೆ ಮಕ್ಕಳು ಓಡಿ ಬರುತ್ತಾರೆ. ಎಲ್ಲರೂ ಬಂದಾಯಿತು ಎಂದು ಅವರೇ ಹೇಳಿದ ಮೇಲೂ ನಾನು ಸ್ವಲ್ಪ ಹೊತ್ತು ಊದುತ್ತಲೇ ಇರುತ್ತೇನೆ.

ಇಂತಿ,
ತಾವು ಕೇಳದೆಯೇ ಗೌರವಿಸಿದ ಪೋಷಕ