ಸದ್ದಿಲ್ಲದ ರೆಕ್ಕೆ

ದೊಡ್ಡಮ್ಮ, ನಿಮ್ಮ ಪಾದಗಳಿಗೆ ನಮಸ್ಕಾರ. ಈ ಹೊಸ ಊರಿನ ಹಕ್ಕಿ ಆಸ್ಪತ್ರೆಯಲ್ಲಿ ನನ್ನ ಪಾಲಿಗೆ ಬಂದ ಮೊದಲ ರೋಗಿ ಒಂದು ಗೂಬೆ. ಜನ ಒಬ್ಬರ ಮೇಲೊಬ್ಬರು ಸುಮ್ಮನೆ ಗೂಬೆ ಕೂರಿಸುತ್ತಾರೆ. ನನಗೆ ಅದನ್ನು ನಿಜವಾಗಿ ಕೈಮೇಲೆ ಕೂರಿಸಿಕೊಳ್ಳುವುದೇ ಉದ್ಯೋಗ. ತಂತಿಬೇಲಿಗೆ ಸಿಕ್ಕಿ ಅದರ ಒಂದು ರೆಕ್ಕೆಯ ಗರಿಗಳು ಮುರಿದಿದ್ದವು. ಗರಿಯ ದಂಟು ಟೊಳ್ಳು. ಅದರೊಳಗೆ ಬಿದಿರುಕಡ್ಡಿ ತೂರಿಸಿ, ಸತ್ತ ಇನ್ನೊಂದು ಗೂಬೆಯ ಗರಿಗಳನ್ನು ಡಾಕ್ಟರಮ್ಮ ಅಂಟಿಸಿದರು. ಕಾಗೆಯದೋ ಹದ್ದಿನದೋ ಆಗುವುದಿಲ್ಲವಂತೆ. ಗೂಬೆಯ ತುದಿಗರಿಯ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳಿವೆ, ಅವು ಗಾಳಿಯನ್ನು ಸೀಳಿ ಸದ್ದಡಗಿಸುತ್ತವೆ. ಸದ್ದಾದರೆ ಇಲಿ ಓಡುತ್ತದೆ, ಗೂಬೆಗೆ ಉಪವಾಸ.

ಇವತ್ತು ಅದರ ಪರೀಕ್ಷೆ. ಸದ್ದು ಬಂದರೆ ಅದರದೇ ಹೊಸ ಗರಿ ಹುಟ್ಟುವವರೆಗೆ, ವರ್ಷಗಟ್ಟಲೆ ಪಂಜರವೇ ಗತಿ. ಡಾಕ್ಟರಮ್ಮ ಉದ್ದನೆಯ ಖಾಲಿ ಕೋಣೆಯ ನಡುವೆ ನನ್ನನ್ನು ನಿಲ್ಲಿಸಿ, "ಕಣ್ಣು ಮುಚ್ಕೋ. ರೆಕ್ಕೆ ಸದ್ದು ಕೇಳಿಸಿದ್ರೆ ಕೈ ಎತ್ತು" ಎಂದರು. ನಿಂತೇ ನಿಂತೆ. ನನ್ನ ಉಸಿರೇ ನನಗೆ ದೊಡ್ಡದಾಗಿ ಕೇಳತೊಡಗಿತು. ಕೆನ್ನೆಗೆ ಒಮ್ಮೆ ತಣ್ಣಗೆ ಗಾಳಿ ತಾಕಿದಾಗ ಯಾರೋ ಕಿಟಕಿ ತೆರೆದರೆಂದುಕೊಂಡೆ. ಕೊನೆಗೆ ತಾಳ್ಮೆಗೆಟ್ಟು, "ಇದಕ್ಕೆ ಹಾರೋಕೇ ಮನಸ್ಸಿಲ್ಲ ಅನ್ಸುತ್ತೆ, ಮೇಡಂ" ಎಂದೆ.

"ಮೂರು ಸಲ ನಿನ್ನ ತಲೆ ಮೇಲಿಂದಾನೇ ಹೋಯ್ತು ಕಣೇ" ಎಂದರು ಡಾಕ್ಟರಮ್ಮ.

ಮೊದಲ ದಿನ ನನ್ನ ಮಣಿಕಟ್ಟಿಗೆ ಗೂಬೆಯ ಉಗುರು ಗೀರಿದ್ದು ಮಾಯ್ದಿದೆ, ಇಂಜೆಕ್ಷನ್ನೂ ಆಗಿದೆ, ಚಿಂತೆ ಬೇಡ. ನಾಳೆ ಸಂಜೆ ಅದನ್ನು ಹೊರಗೆ ಬಿಡುತ್ತೇವೆ. ಈ ಕಾಗದದಲ್ಲಿ ಇನ್ನು ವಿಳಾಸ ಬರೆಯುವಷ್ಟೇ ಜಾಗ ಉಳಿದಿದೆ.

ನಿಮ್ಮ ಪುಟ್ಟಿ