ಕೊಟ್ಟಿಗೆ ಹಿಂದೆ ನಿಂತು ಹಲೋ ಅಂದದ್ದು

ನವೆಂಬರ್ 3, ಸೋಮವಾರ

ಇವತ್ತೂ ಕಾರು ಮೊಬೈಲನ್ನು ಹಿಡಿಯಲಿಲ್ಲ. ಡೈರಿಗೆ ಹಾಲು ಹಾಕಿ ಬಂದವನು ಮತ್ತೆ ಕೂತೆ. ಬ್ಲೂಟೂತ್ ಆಫ್ ಮಾಡಿದೆ, ಆನ್ ಮಾಡಿದೆ. ಮೊಬೈಲನ್ನೇ ಆರಿಸಿ ಹತ್ತಿಸಿದೆ. ಊಹೂಂ. ಕಡೆಗೆ ಕಾರಿನ ಪರದೆಯೊಳಗೆ ಹೊಕ್ಕು ನೋಡಿದರೆ — ಹಳೇ ಹೆಸರುಗಳು ಸಾಲಾಗಿ ಕೂತಿವೆ. ಅಕ್ಕನ ಮಗ ಸೋಮಶೇಖರನದು, ಅವನ ಹೆಂಡತಿಯದು... ಕಾರು ಕೊಟ್ಟವನು ಹೆಸರು ಬಿಟ್ಟು ಹೋಗಿದ್ದಾನೆ! ಎಲ್ಲಾ ಡಿಲೀಟ್. ನನ್ನದು ಸೇರಿಸಿದೆ. ಕಾರಲ್ಲೂ ಮೊಬೈಲಲ್ಲೂ ಒಂದೇ ನಂಬರ್ ಬಂತು. ಓಕೆ ಒತ್ತಿದೆ. ಹಿಡಿಯಿತು! ಬರೀ ಎಂಟನೇ ಕ್ಲಾಸು ನಾನು. ಪಣಕಹಳ್ಳಿಗೆ ಇಂಜಿನಿಯರು ಅಂದರೆ ಇನ್ಯಾರು?

ಹೆಂಡತಿ ಶಾಂತಮಲ್ಲಮ್ಮನನ್ನು ಮುಂದಿನ ಸೀಟಲ್ಲಿ ಕೂರಿಸಿ ಮಾದಪ್ಪನ ಪದ ಹಾಕಿದೆ.

"ಯಾವ ರಾಜನ ಎಂಡ್ರಿಗೂ ಇಂಥ ಯೋಗ ಇಲ್ಲ ಕಣಮ್ಮಿ."

"ಸಾಕು ಬುಡಿ. ಕಾರನ್ನ ನೀವೇ ಕಂಡಿಡಿದಂಗೆ ಆಡ್ತೀರಿ" ಅಂದಳು. ಪದ ಮುಗಿಯುವತನಕ ಇಳಿಯಲಿಲ್ಲ.

ಅವಳ ಹೊಟ್ಟೆಯಲ್ಲಿರುವುದು ಅಲ್ಸರ್ ಅಂತ ಹೇಳಿದ್ದೇವೆ. ಕ್ಯಾನ್ಸರ್ ಅನ್ನುವುದು ನನಗೂ ಮಗಳು ಸೌಮ್ಯಳಿಗೂ ಮಾತ್ರ ಗೊತ್ತು. ಆಪರೇಷನ್ ಆಗುತ್ತದೋ ಇಲ್ಲವೋ, ಮೈಸೂರಿನ ಡಾಕ್ಟ್ರು ಸ್ಕ್ಯಾನ್ ನೋಡಿ ಫೋನಲ್ಲಿ ಹೇಳ್ತಾರಂತೆ. ಅವಳ ಕಿವಿಗೆ ಬೀಳಕೂಡದು. ಬಿದ್ದರೆ ಅವತ್ತೇ ಊಟ ಬಿಡ್ತಾಳೆ.

ನವೆಂಬರ್ 6, ಗುರುವಾರ, ಬೆಳಿಗ್ಗೆ

ಡಾಕ್ಟ್ರ ಫೋನ್ ಬಂತು. ಅವಳು ಅಂಗಳದಲ್ಲಿ, ಕಾರಿನಲ್ಲಿ ಪದ ಕೇಳ್ತಾ ಇದ್ದಳು. ನಾನೇನು ದಡ್ಡನೇ? ಮೊಬೈಲ್ ಎತ್ತಿಕೊಂಡು ಸೀದಾ ಕೊಟ್ಟಿಗೆ ಹಿಂದಕ್ಕೆ ಓಡಿದೆ. ಒತ್ತಿದೆ. ಹಲೋ... ಹಲೋ... ಸದ್ದೇ ಇಲ್ಲ. ಲೈನು ಮಾತ್ರ ಕಟ್ಟಾಗಿಲ್ಲ. ಈಗ ಬಂದೀತು, ಆಗ ಬಂದೀತು ಅಂತ ಹಿಡಿದೇ ನಿಂತೆ. ಹಸು ನನ್ನನ್ನೇ ನೋಡ್ತಿತ್ತು. ಆಮೇಲೆ ಅವರೇ ಇಟ್ಟರು. ತಿರುಗಿ ಮಾಡಿದರೆ ಎತ್ತಲಿಲ್ಲ.

ಎಲ್ಲಾ ಈ ಗಡಿ ಟವರಿನ ಕಿತಾಪತಿ. ತಮಿಳು ಟವರಿಗೆ ಕನ್ನಡದ ಡಾಕ್ಟ್ರ ಮಾತು ಜೀರ್ಣ ಆಗಲ್ಲ. ಸಿಮ್ ತೆಗೆದು ಪಂಚೆಗೆ ಉಜ್ಜಿ ಹಾಕಿದೆ.

ಬಂದು ನೋಡಿದರೆ ಕಾರಿನಲ್ಲೂ ಪದ ನಿಂತಿದೆ. ಅವಳು ಪರದೆಯನ್ನೇ ನೋಡಿಕೊಂಡು ಕೂತಿದ್ದಳು.

ನವೆಂಬರ್ 8, ಶನಿವಾರ

ಆಸ್ಪತ್ರೆಗೆ ಇನ್ನು ಬರಲ್ಲವಂತೆ. "ಅಲ್ಸರ್ ತಾನೆ? ತಾನಾಗೇ ವಾಸಿಯಾಯ್ತದೆ. ಅಷ್ಟು ದೂರ ಯಾಕೆ ಓಡಾಡೀರಿ" ಅಂದಳು. ನಾನು ನಂಬಿಸಿದ್ದು ಅಷ್ಟು ಗಟ್ಟಿ!

ಹಾಸನೂರು ತಿರುವಿನಲ್ಲಿ ಆನೆಯನ್ನು ಬರೀ ಹಾರನ್ನಿಂದ ಕಾಡಿಗೆ ಅಟ್ಟಿದ ಕತೆ ಮತ್ತೆ ಹೇಳಿದೆ. ದಂತ ಸ್ವಲ್ಪ ಉದ್ದ ಮಾಡಿದೆ. ಯಾವಾಗಲೂ "ಓದ್ಸಲ ಎಣ್ಣಾನೆ ಅಂದಿದ್ರಿ" ಅಂತ ಹಿಡಿಯುವವಳು, ಇವತ್ತು ಪೂರ್ತಿ ಕೇಳಿದಳು. ನಕ್ಕಳು ಕೂಡ. ಯಾಕೋ ನನಗೇ ಕತೆ ರುಚಿಸಲಿಲ್ಲ.

ನವೆಂಬರ್ 12, ಬುಧವಾರ

ಸೋಮು ಬಂದಿದ್ದ. ಟವರಿಗೆ ಬೈದೆ.

"ಮಾವ, ಟವರೂ ಇಲ್ಲ ಗಿವರೂ ಇಲ್ಲ. ಕಾರಿನ ಕೀ ಆನಲ್ಲಿದ್ದು ನೀ ಅತ್ರದಲ್ಲೇ ಇದ್ರೆ ಫೋನು ಅಲ್ಲಿಗೇ ಓಯ್ತದೆ. ಮಾತು ಅಲ್ಲೇ ಕೇಳ್ತದೆ. ಅಲ್ಲಿ ಕೂತೋರು ಮಾತಾಡುದ್ರೆ ಅದೂ ಓಯ್ತದೆ."

"ಓಗ್ಲಾ! ನನಗೇ ಪಾಠವಾ?"

ಅವಳು ಒಳಗೆ ಮಲಗಿದ್ದಳು. ಸೋಮು ಕಾರಿನ ಕೀ ಆನ್ ಮಾಡಿ, ನನ್ನನ್ನು ಕೊಟ್ಟಿಗೆ ಹಿಂದೆ ನಿಲ್ಲಿಸಿ, ಬೀದಿಗೆ ಹೋಗಿ ಫೋನ್ ಮಾಡಿದ. ಎತ್ತಿದೆ. ಕಿವಿಯಲ್ಲಿ ಏನೂ ಇಲ್ಲ. ಅಂಗಳದಲ್ಲಿ ಮಾತ್ರ ಕಾರು ಅವನ ದನಿಯಲ್ಲಿ "ಮಾವೋ" ಅಂತ ಕೂಗಿತು. ನಕ್ಕುಬಿಟ್ಟೆ. ಆಮೇಲೆ ಗುರುವಾರ ನೆನಪಾಯಿತು.

"ಯಾಕ್ ಮಾವ, ಇಂಗ್ ಕೂತ್ಬುಟ್ಟೆ? ಈ ಬ್ಲೂಟೂತ್ನ ಬುಡಿಸ್ಬುಡ್ಲಾ?"

ಬೇಡ ಅಂದೆ. ಅವಳಿಗೆ ಪದ ಬೇಕು.

ಅದೇ ದಿನ, ಸಂಜೆ

ಹೊಲದ ಬದುವಿಗೆ ಹೋಗಿ ಡಾಕ್ಟ್ರಿಗೆ ಫೋನ್ ಮಾಡಿದೆ. ಮೊದಲು ಅವರು ಬಾಯೇ ಬಿಡಲಿಲ್ಲ. ಕಾಲು ಹಿಡಿದವನ ಹಾಗೆ ಕೇಳಿದೆ. ಆಗ ಹೇಳಿದರು. ಎಲ್ಲಾ ಕಡೆ ಹರಡಿದೆ. ಆಪರೇಷನ್ ಮಾಡಿ ಪ್ರಯೋಜನ ಇಲ್ಲ. ನೋವಿಗೆ ಮಾತ್ರೆ ಯಾವುದು ಅಂತ ನಾಳೆ ಅವರೇ ತಿಳಿಸ್ತಾರಂತೆ.

"ಇದನ್ನೆಲ್ಲ ಅವತ್ತೇ ಹೇಳಿದ್ದೆನಲ್ಲಪ್ಪ. ಹೆಂಗಸೊಬ್ಬರು ಮಾತಾಡಿದರು. ಪೇಷಂಟಿನ ಅಕ್ಕ ಅಂದರು."

"ಅವರು... ಏನಂದರು ಸಾರ್?"

"ನೋವು ಜಾಸ್ತಿ ಆಗ್ತದಾ ಅಂತ ಕೇಳಿದರು. ಅವಳ ಗಂಡನಿಗೆ ಈಗಲೇ ಹೇಳಬೇಡಿ, ಜಂಬದ ಮನುಷ್ಯ, ಒಳಗೆ ಬರೀ ಮಗು, ತಡಕೊಳ್ಳಲ್ಲ ಅಂದರು. ಅದಕ್ಕೇ ನಾನು..."

ಶಾಂತಮಲ್ಲಮ್ಮನಿಗೆ ಅಕ್ಕ ಇಲ್ಲ.

ಬದುವಿನ ಮೇಲೇ ಕೂತುಬಿಟ್ಟೆ. ಜೋಳ ಕಾಯುವವರು ಕೂಗಿದರು. ಕಾಲಿಗೆ ಮುಳ್ಳು ಚುಚ್ಚಿದೆ ಅಂದೆ.

ನವೆಂಬರ್ 13, ಗುರುವಾರ

ಬೆಳಿಗ್ಗೆ ಕಾರಿನಲ್ಲಿ ಅವಳ ಪಕ್ಕ ಕೂತೆ. ಇವತ್ತು ಹೇಳಿಬಿಡಬೇಕು, ಗೊತ್ತು ಕಣಮ್ಮಿ ಅಂತ. ಹೇಳುವ ಬದಲು ಸೌಂಡು ಜಾಸ್ತಿ ಮಾಡಿದೆ. ಪದ ನಡೀತಿತ್ತು.

"ಸೋಮು ಬಂದಿದ್ನಲ್ಲ, ಏನ್ ರಿಪೇರಿ?" ಅಂದಳು, ಮುಂದಿನ ಗಾಜು ನೋಡಿಕೊಂಡೇ.

"ಏನಿಲ್ಲ, ಟವರು."

"ಊಂ. ಟವರೇ ಇರ್ಬೇಕು."

ಪದ ನಿಂತಿತು. ಗಂಟೆ ಹೊಡೆಯಿತು. ಪರದೆಯ ಮೇಲೆ ದೊಡ್ಡದಾಗಿ — ಮೈಸೂರು ಡಾಕ್ಟ್ರು. ಕಟ್ ಮಾಡಲು ಇಬ್ಬರೂ ಒಟ್ಟಿಗೆ ಕೈ ಚಾಚಿದೆವು. ಅವಳ ಕೈ ನನ್ನ ಕೈ ಮೇಲೆ ಬಿತ್ತು. ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಕೈ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ಗಂಟೆ ಹೊಡೀತಾನೇ ಇತ್ತು. ಅವಳು ಮೆಲ್ಲಗೆ "ಎತ್ತಿ, ಇಬ್ರೂ ಕೇಳಣ" ಅಂದಳು. ಎತ್ತಿದೆ.