ನಮ್ಮ ಕಡೆಯವನು

ಜೂನ್ ೨೦೦೩

ಹುಸೇನಪ್ಪ ಅಣ್ಣನವರಿಗೆ,

ಭುವನೇಶ್ವರಿಯ ನಮಸ್ಕಾರ. ತಂಗಿ ಶಶಿಕಲಾಳ ಡ್ರೈವಿಂಗ್ ಲೈಸೆನ್ಸನ್ನು ಇದರ ಜೊತೆ ಇಟ್ಟಿದ್ದೇನೆ. ಪುಣೆಯಲ್ಲಿ ಅದನ್ನು ಮಾಡಿಸಿಕೊಟ್ಟ ಏಜೆಂಟರು ನೀವೇ. ರದ್ದು ಮಾಡಿಸುವ ಕೆಲಸವನ್ನೂ ನೀವೇ ಮಾಡಬೇಕು. ಅದರಲ್ಲಿದ್ದ ಫೋಟೋ ಕಿತ್ತುಕೊಂಡಿದ್ದೇನೆ; ಅವಳು ನಕ್ಕಿರುವ ಫೋಟೋ ನಮ್ಮಲ್ಲಿ ಬೇರೆ ಇಲ್ಲ.

ನೀವು ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ವಕೀಲರು ನನಗೆ ಓದಿ ಹೇಳಿದರು. ಅವಳ ಗಂಡ ನಿಮ್ಮ ಮುಂದೆ ನಿಂತು, "ಅಣ್ಣಾರ, ನಾನೂ ಯಾದಗಿರಿ ಕಡಿಯವನ ಅದೀನ್ರಿ. ಹೆಣ್ತಿ ಸಿಟ್ಟು ಮಾಡ್ಕೊಂಡು ಬಂದಾಳ್ರಿ, ಕರಕೊಂಡು ಹೋಗಬೇಕು" ಎಂದನಂತೆ. ದಿನವಿಡೀ ಮರಾಠಿ ಕೇಳುವ ನಿಮ್ಮ ಕಿವಿಗೆ ನಮ್ಮ ಮಾತು ಹಿತವಾಗಿರಬೇಕು. ಅವನಿಗೆ ಚಹಾ ಕುಡಿಸಿ, ಆರ್‌ಟಿಒ ಆಫೀಸಿನೊಳಗೆ ಹೋಗಿ, ಲೈಸೆನ್ಸ್ ದಾಖಲೆಯಿಂದ ಅವಳ ಪಿಂಪ್ರಿಯ ವಿಳಾಸ ತೆಗೆಸಿಕೊಟ್ಟಿರಿ. ದುಡ್ಡು ಮುಟ್ಟಲಿಲ್ಲ ಎಂದಿದ್ದೀರಿ. ನಂಬುತ್ತೇನೆ. ಆದರೆ ಕೊಡುವ ಮೊದಲು ಶಶಿಕಲಾಳನ್ನು ಒಂದು ಮಾತು ಕೇಳಲಿಲ್ಲ.

ಗಂಡ ಹಚ್ಚಿದ ಬೆಂಕಿಯಲ್ಲಿ ಅವಳು ತೀರಿಹೋದ ಮೇಲೆ ಅವಳ ಮಗಳು ನನ್ನ ಬಳಿ ಇದ್ದಾಳೆ. ಆ ಮಗುವಿನ ಕೈಯ ಸುಟ್ಟ ಗಾಯ ಮಾಯುತ್ತಿದೆ. "ಅವ್ವ ಯಾವಾಗ ಬರ್ತಾಳ?" ಎಂದು ಕೇಳುವುದನ್ನು ಬಿಟ್ಟಿದ್ದಾಳೆ.

ಲೈಸೆನ್ಸ್ ರದ್ದಾದ ಮೇಲೆ ನನಗೆ ತಿಳಿಸುವುದು ಬೇಡ. ಅವನಿಗೆ ಮೊನ್ನೆ ಜಾಮೀನು ಸಿಕ್ಕಿತು. ಮಗಳನ್ನು ಹುಡುಕಿಕೊಂಡು ಮೊದಲು ನಿಮ್ಮ ಬಳಿಗೇ ಬರುತ್ತಾನೆ. ನಾವು ಮನೆ ಬದಲಿಸಿದ್ದೇವೆ. ಎಲ್ಲಿಗೆಂದು ಇಲ್ಲಿ ಬರೆದಿಲ್ಲ. ನೀವು ಒಳ್ಳೆಯವರು, ಅಣ್ಣಾ. ಕನ್ನಡದಲ್ಲಿ ಕೇಳಿದರೆ ಹೇಳಿಬಿಡುತ್ತೀರಿ.

ಇತಿ,
ಭುವನೇಶ್ವರಿ